ಇಚ್ಛೆಯಿದ್ದರೆ ಸಲ್ಲಿಸಬಹುದು

ಕಡ್ಡಾಯ ಎನ್ನುವ ಪದದ ಮೇಲೆ ನನಗೆ ಮೊದಲಿನಿಂದಲೂ ಗೌರವ. ಕಡ್ಡಾಯವಾದದ್ದನ್ನು ಮಾಡುವಾಗ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಕೆಟ್ಟುಹೋದರೆ ಹೊಣೆ ಹೊರಬೇಕಾಗಿಯೂ ಇಲ್ಲ. ಹೆಲ್ಮೆಟ್ಟು ಕಡ್ಡಾಯ, ಹಾಕಿಕೊಳ್ಳುತ್ತೇನೆ. ಕೂದಲು ಉದುರಿದರೆ ಸರ್ಕಾರವನ್ನು ಬೈಯುತ್ತೇನೆ. ಗೌರಿ ಹಬ್ಬಕ್ಕೆ ಅಕ್ಕನ ಮನೆಗೆ ಬಾಗಿನ ತೆಗೆದುಕೊಂಡು ಹೋಗುವುದು ಕಡ್ಡಾಯ, ಹೋಗುತ್ತೇನೆ. ಸೀರೆಯ ಬಣ್ಣ ಸರಿಯಿಲ್ಲ ಎಂದು ಅನ್ನಿಸಿಕೊಂಡು ಬರುತ್ತೇನೆ. ನಮ್ಮ ಕಾಲಕ್ಕೆ ಮದುವೆಯೂ ಕಡ್ಡಾಯವೇ ಆಗಿದ್ದರಿಂದ ಅದರ ಬಗ್ಗೆ ಈವರೆಗೆ ಯಾರಿಗೂ ವಿವರಣೆ ಕೊಡಬೇಕಾಗಿ ಬಂದಿಲ್ಲ. ನನಗೆ ತೊಂದರೆ ಇರುವುದು 'ನಿಮ್ಮಿಷ್ಟ' ಎಂದು ಬಿಟ್ಟುಬಿಡುವ ಕಡೆಯಲ್ಲಿ. ಹೋಟೆಲಿನ ಮಾಣಿ ಬಂದು 'ವಡೆ ಸಾಂಬಾರಲ್ಲಿ ಮುಳುಗಿಸಿ ಕೊಡ್ಲಾ, ಬೇರೆ ಬೇರೆ ಕೊಡ್ಲಾ' ಎಂದು ಕೇಳಿದರೆ ನಾನು ಹೆಂಡತಿಯ ಮುಖ ನೋಡುತ್ತೇನೆ. ಅವಳು ಜೊತೆಗಿಲ್ಲದ ದಿನ ವಡೆಯನ್ನೇ ಬಿಟ್ಟು ಉಪ್ಪಿಟ್ಟು ತಿಂದು ಬಂದದ್ದೂ ಉಂಟು.

ಇಂಥವನ ಮನೆಯೊಳಗೆ ಹೋದ ವರ್ಷ ಒಂದು ವಾಕ್ಯ ಬಂದು ಕುಳಿತಿತು. ನನ್ನ ಮಗಳು ನಿಸರ್ಗ ಪಿಯುಸಿ ಮುಗಿಸಿ ಬೆಂಗಳೂರಿನ ಹೊರವಲಯದ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಭೌತಶಾಸ್ತ್ರ, ಅದೂ ಆ ಒಂದೇ ಕಾಲೇಜಿನಲ್ಲಿ. ಸೀಟು ಕಡಿಮೆ, ಅರ್ಜಿ ಹೆಚ್ಚು. ಅಂಕಪಟ್ಟಿ ಕಡ್ಡಾಯ, ಫೋಟೋ ಕಡ್ಡಾಯ, ಪ್ರಬಂಧ ಕಡ್ಡಾಯ. ಎಲ್ಲ ಸುಸೂತ್ರವಾಗಿ ನಡೆಯಿತು. ಅದರ ಕೆಳಗೆ, ಅಡ್ವಾನ್ಸ್ಡ್ ಪರೀಕ್ಷೆಗಳನ್ನು ಬರೆದಿದ್ದರೆ ಅವುಗಳ ಸ್ಕೋರನ್ನು 'ಇಚ್ಛೆಯಿದ್ದರೆ ಸಲ್ಲಿಸಬಹುದು' ಎಂದಿತ್ತು. ಈ ಅಡ್ವಾನ್ಸ್ಡ್ ಪರೀಕ್ಷೆ ಎಂದರೆ ಹೊರದೇಶದವರು ನಡೆಸುವಂಥದ್ದು. ಕಾಲೇಜಿನ ಮೊದಲ ವರ್ಷದ ಪಾಠವನ್ನು ಪಿಯುಸಿಯಲ್ಲಿದ್ದಾಗಲೇ ಓದಿ ಬರೆಯಬೇಕು, ಐದಕ್ಕೆ ಇಷ್ಟು ಎಂದು ಸ್ಕೋರು ಕೊಡುತ್ತಾರೆ. ಬರೆಯಲೇಬೇಕೆಂದು ಯಾರೂ ಹೇಳಿರಲಿಲ್ಲ. ಎಲ್ಲಿಂದಲೋ ಪುಸ್ತಕ ತರಿಸಿಕೊಂಡು, ಪಾಠ ಹೇಳುವವರಿಲ್ಲದೆ ತಾನೇ ಓದಿಕೊಂಡು, ಬೆಂಗಳೂರಿಗೆ ಹೋಗಿ ಬರೆದು ಬಂದಿದ್ದಳು. ಐದಕ್ಕೆ ಮೂರು ಬಂದಿತ್ತು.

ಎರಡು ಬಂದಿದ್ದರೆ ಮುಚ್ಚಿಟ್ಟು ಸುಮ್ಮನಾಗುತ್ತಿದ್ದೆವು. ನಾಲ್ಕು ಬಂದಿದ್ದರೆ ಅರ್ಜಿಯಲ್ಲೂ ಹಾಕುತ್ತಿದ್ದೆವು, ಬೀದಿಗೂ ಹೇಳುತ್ತಿದ್ದೆವು. ಆದರೆ ಮೂರು ಎನ್ನುವುದು ನನ್ನಂಥವನನ್ನು ಗೋಳು ಹೊಯ್ದುಕೊಳ್ಳಲೆಂದೇ ಹುಟ್ಟಿದ ಸಂಖ್ಯೆ. ಬೆಳಗ್ಗೆ ಹಲ್ಲುಜ್ಜುವಾಗ ನೋಡಿದರೆ ಸಾಕಷ್ಟು ದೊಡ್ಡದಾಗಿ ಕಾಣಿಸುತ್ತದೆ, ಸಂಜೆ ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ ಸೊರಗಿರುತ್ತದೆ.

ಅಂಗಡಿಯ ವಿಷಯ ಹೇಳದೆ ಮುಂದೆ ಹೋದರೆ ನಿಮಗೆ ನನ್ನ ಸಂಕಟ ಅರ್ಥವಾಗಲಿಕ್ಕಿಲ್ಲ. ಚನ್ನಪಟ್ಟಣದಲ್ಲಿ ಹಳೆಯ ಮೈಸೂರು ರಸ್ತೆಗೆ ಮುಖ ಮಾಡಿಕೊಂಡು ನನ್ನದೊಂದು ಮರದ ಬೊಂಬೆಯ ಅಂಗಡಿಯಿದೆ. ಹೊಸ ರಸ್ತೆಯಾದ ಮೇಲೆ ಕಾರುಗಳೆಲ್ಲ ಊರಿನ ಹೊರಗಿನಿಂದಲೇ ಹಾರಿಹೋಗುತ್ತವೆ. ನಮ್ಮ ಕಡೆಗೆ ಬರುವವರು ದಾರಿ ತಪ್ಪಿದವರು, ಇಲ್ಲವೇ ಬೊಂಬೆ ಬೇಕೆಂದೇ ಹುಡುಕಿಕೊಂಡು ಬಂದವರು. ಹೀಗಾಗಿ ಮಧ್ಯಾಹ್ನಗಳೆಲ್ಲ ನನ್ನವೇ. ಬಿಸಿಲು ಓರೆಯಾಗಿ ಬಂದು ಹಳದಿ ಕುದುರೆ, ಕೆಂಪು ಬುಗುರಿ, ಹಸಿರು ಗಿಲಕಿಗಳ ಮೇಲೆ ಬೀಳುತ್ತದೆ, ಎದುರು ಗೋಡೆಯ ಮೇಲೆ ಅದೇ ಬಣ್ಣಗಳು ತೆಳ್ಳಗೆ ಮೂಡಿ ನಿಧಾನವಾಗಿ ಮೇಲೇರುತ್ತವೆ, ಅರಗಿನ ವಾಸನೆ ಇರುತ್ತದೆ, ನಾನು ಕುರ್ಚಿಯಲ್ಲಿ ಕುಳಿತು ಕಣ್ಣು ತೆರೆದುಕೊಂಡೇ ಕನಸು ಕಾಣುತ್ತಿರುತ್ತೇನೆ. ಈ ಕೆಲಸಕ್ಕೆ ಸಂಬಳವಿದ್ದಿದ್ದರೆ ಇಷ್ಟು ಹೊತ್ತಿಗೆ ನಾನು ಮಹಡಿ ಮನೆ ಕಟ್ಟಿಸಿರುತ್ತಿದ್ದೆ.

ಅಂಗಡಿಯೆಂದ ಮೇಲೆ ಮುಂದಿನ ಸಾಲು, ಹಿಂದಿನ ಸಾಲು ಎಂದು ಇರುತ್ತದೆ. ತಿದ್ದಿ ತೀಡಿದಂತಿರುವ ಬೊಂಬೆ ಮುಂದಿನ ಸಾಲಿಗೆ. ಬಣ್ಣ ಸ್ವಲ್ಪ ಹರಡಿದ್ದು, ಚಕ್ರ ಓಲಾಡುವುದು, ಒಂದು ಕಣ್ಣು ತುಸು ಕೆಳಗೆ ಬಿದ್ದ ಕುದುರೆ, ಇವೆಲ್ಲ ಹಿಂದಿನ ಸಾಲಿಗೆ. ಗಿರಾಕಿಗಳಿಗೂ ಇದು ಗೊತ್ತು, ಆದರೆ ತಲೆಕೆಳಗಾಗಿ ಗೊತ್ತು. ಮುಂದೆ ಇಟ್ಟಿರುವುದು ಧೂಳು ತಿಂದದ್ದು, ಒಳಗೆ ಇರುವುದು ಫ್ರೆಶ್ಶು ಎಂದು ಅವರ ನಂಬಿಕೆ. ಎಂಥ ಚೆಂದದ ಕುದುರೆಯನ್ನು ಕೈಗೆ ಕೊಟ್ಟರೂ ತಿರುಗಿಸಿ ಮುರುಗಿಸಿ ನೋಡಿ, 'ಒಳಗಿಂದ ಬೇರೆ ಪೀಸ್ ಕೊಡಿ' ಎನ್ನುತ್ತಾರೆ. ನಾನು ಅದೇ ಕುದುರೆಯನ್ನು ಹಿಡಿದುಕೊಂಡು ಒಳಗಿನ ಕೋಣೆಗೆ ಹೋಗುತ್ತೇನೆ. ಅಲ್ಲಿ ಗೋಡೆಗೊಂದು ಕ್ಯಾಲೆಂಡರಿದೆ, ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ರಟ್ಟಿನ ಡಬ್ಬ ಎತ್ತಿಟ್ಟ ಸದ್ದು ಮಾಡುತ್ತೇನೆ, ಅದೇ ಕುದುರೆಯನ್ನು ಪಂಚೆಯ ತುದಿಯಿಂದ ಒರೆಸಿಕೊಂಡು ಹೊರಗೆ ಬರುತ್ತೇನೆ. 'ನೋಡಿ, ಇದು ಎಷ್ಟು ಚೆನ್ನಾಗೈತೆ' ಎಂದು ಅವರೇ ನನಗೆ ಹೇಳಿ ಕೊಂಡುಹೋಗುತ್ತಾರೆ. ನಿಸರ್ಗ ಚಿಕ್ಕವಳಿದ್ದಾಗ ಆ ಕೋಣೆಯಲ್ಲಿ ಕುಳಿತು ಹೋಂವರ್ಕ್ ಮಾಡುತ್ತಿದ್ದಳು. ನಾನು ಕುದುರೆ ಹಿಡಿದು ಒಳಗೆ ಬಂದಾಗಲೆಲ್ಲ ತಲೆಯೆತ್ತದೆ, 'ಸಾಕು ಹೋಗಪ್ಪ, ಹುಡುಕಿದ್ದು' ಎನ್ನುತ್ತಿದ್ದಳು.

ಮೂರರ ವಿಷಯದಲ್ಲಿ ಮೊದಲ ತೀರ್ಪು ಕೊಟ್ಟವಳು ನನ್ನ ಹೆಂಡತಿ ಶಶಿಕಲಾ. ಸೊಪ್ಪು ಬಿಡಿಸುತ್ತಾ, 'ಕೇಳ್ದೆ ಇರೋದನ್ನ ನಾವ್ಯಾಕ್ರೀ ಹೇಳ್ಬೇಕು? ಹೆಣ್ಣು ನೋಡಕ್ಕೆ ಬಂದೋರ ಮುಂದೆ, ನಮ್ಮುಡುಗಿ ನಿದ್ದೇಲಿ ಹಲ್ಲು ಕಡೀತಾಳೆ ಅಂತ ಯಾರಾದ್ರೂ ಹೇಳ್ತಾರಾ?' ಎಂದಳು. ಮಾತು ಸರಿಯಾಗಿಯೇ ಇತ್ತು. ನಾನು ಕನಕಪುರಕ್ಕೆ ಹೆಣ್ಣು ನೋಡಲು ಹೋದಾಗಲೂ ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಮದುವೆಯಾದ ಹೊಸತರಲ್ಲಿ ಮನೆಯಲ್ಲಿ ಇಲಿ ಸೇರಿಕೊಂಡಿದೆಯೆಂದು ನಾನು ಬೋನು ತಂದಿಟ್ಟಿದ್ದೆ.

ಪಕ್ಕದ ಬೇಕರಿಯ ಚಿಕ್ಕಣ್ಣ ಬೇರೆ ಲೆಕ್ಕ ಹಾಕಿದ. 'ಐದಕ್ಕೆ ಮೂರು ಅಂದ್ರೆ ಅರವತ್ತು ಪರ್ಸೆಂಟ್ ಕಣಯ್ಯ, ಫಸ್ಟ್ ಕ್ಲಾಸು. ನಮ್ ಮನೇಲಿ ಫಸ್ಟ್ ಕ್ಲಾಸು ಕಂಡೋರೇ ಇಲ್ಲ, ರೈಲಲ್ಲೂ ಕಂಡಿಲ್ಲ. ಧೈರ್ಯವಾಗಿ ಕಳ್ಸು' ಎಂದ. ನನಗೂ ಎದೆಯುಬ್ಬಿತು. ಬನ್ನು ಕಟ್ಟಿಕೊಡುತ್ತಾ ಅವನೇ ಮುಂದುವರಿಸಿ, 'ಆದ್ರೆ ಬ್ಯಾರೆ ಮಕ್ಳು ಐದಕ್ಕೆ ಐದು ಕಳ್ಸಿರ್ತಾರಲ್ಲ, ಅವುರ ಮಧ್ಯ ಇದು ಒಸಿ ಬಡಕಲಾಗಿ ಕಾಣ್ತದೆ' ಎಂದ. ಉಬ್ಬಿದ್ದ ಎದೆ ಬನ್ನಿನ ಕಾಗದದ ಚೀಲದಷ್ಟೇ ಬೇಗ ಮುದುಡಿತು.

ಆ ಮಧ್ಯಾಹ್ನವೇ ಅವರು ಮೊದಲ ಸಲ ಬಂದದ್ದು. ಅವರು ಎಂದರೆ ನನ್ನ ಮಗಳ ಅರ್ಜಿಯನ್ನು ನೋಡುವ ಅಧಿಕಾರಿ. ಬೀದಿಯಲ್ಲಿ ಸದ್ದಿರಲಿಲ್ಲ. ಗೋಡೆಯ ಮೇಲಿನ ಹಳದಿ ಬಣ್ಣ ಕೆಂಪಿನೊಳಗೆ ಕರಗುತ್ತಿತ್ತು, ಅದರ ನಡುವೆ ಅವರ ಮೇಜು ಕಾಣಿಸಿತು. ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಕನ್ನಡಕಕ್ಕೆ ಕಪ್ಪು ದಾರ, ಕಿಟಕಿಯಾಚೆ ಹೂಬಿಟ್ಟ ಹೊಂಗೆಮರ. ಅರ್ಜಿಗಳೆಲ್ಲ ಕಂಪ್ಯೂಟರಿನಲ್ಲೇ ಹೋಗುತ್ತವೆ ಎಂದು ಮಗಳು ಹೇಳಿದ್ದರೂ ನಾನು ಅವರ ಮುಂದೆ ಕಾಗದದ ಕಟ್ಟುಗಳನ್ನೇ ಇಟ್ಟಿದ್ದೆ. ಬೆರಳಿಗೆ ಎಂಜಲು ಮುಟ್ಟಿಸಿಕೊಂಡು ಹಾಳೆ ತಿರುವುವ ಮನುಷ್ಯನ ಮೇಲೆ ನನಗೆ ನಂಬಿಕೆ ಹೆಚ್ಚು. ಅವರು ನಿಸರ್ಗಳ ಹಾಳೆಗೆ ಬಂದು ನಿಂತರು, ಮೂರನ್ನು ನೋಡಿದರು. 'ಪರವಾಗಿಲ್ಲ, ಹಳ್ಳಿ ಕಡೆಯ ಹುಡುಗಿ' ಎಂದರು. ಚನ್ನಪಟ್ಟಣ ಹಳ್ಳಿಯಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಯಾರೋ ಬಂದು ಗಿಲಕಿ ಎಷ್ಟು ಎಂದು ಕೇಳಿದರು.

ಅಲ್ಲಿಂದ ಮುಂದೆ ಅವರು ದಿನಾ ಬರತೊಡಗಿದರು. ಒಂದು ದಿನ ಮೂರನ್ನು ಕಂಡು ಮುಗುಳ್ನಕ್ಕರು, ಮರುದಿನ ಅದೇ ಮೂರನ್ನು ಕಂಡು 'ಇಷ್ಟೇನಾ' ಎಂದು ಹಾಳೆಯನ್ನು ಅತ್ತ ಸರಿಸಿದರು. ಇದರ ಕಾರಣ ಹುಡುಕುತ್ತಾ ಹೋದಾಗ ಅವರಿಗೆ ಹುಳಿತೇಗಿನ ತೊಂದರೆ ಇರುವುದು ನನಗೆ ತಿಳಿಯಿತು. ಕ್ಯಾಂಟೀನಿನ ಪೂರಿ ತಿಂದ ದಿನ ಅವರು ಯಾರನ್ನೂ ಒಪ್ಪುತ್ತಿರಲಿಲ್ಲ. ನಾನು ಅವರಿಗೆ ಮನೆಯಿಂದ ಡಬ್ಬಿ ತರುವ ಅಭ್ಯಾಸ ಮಾಡಿಸಿದೆ. ಮುದ್ದೆ, ಸೊಪ್ಪಿನ ಸಾರು, ಮೇಲೊಂದು ಲೋಟ ಮಜ್ಜಿಗೆ. ಒಂದೊಂದು ದಿನ ನನ್ನ ಊಟದ ಡಬ್ಬಿ ಮುಚ್ಚಿದಂತೆಯೇ ಇರುತ್ತಿತ್ತು, ಅವರದು ಖಾಲಿಯಾಗಿರುತ್ತಿತ್ತು. ಅವರ ತಂಗಿಯನ್ನು ಮಾಗಡಿಗೆ ಕೊಟ್ಟಿದ್ದಾರೆ ಎಂದೂ ಗೊತ್ತುಮಾಡಿಕೊಂಡೆ. ನಮ್ಮ ಕಡೆಯ ಸಂಬಂಧವೊಂದು ಇರಲಿ ಎಂದು ಆ ಮದುವೆ ಮಾಡಿಸಿದವನು ನಾನೇ. ಒಮ್ಮೆ ಸಾಮಾನು ತರಲು ಬೆಂಗಳೂರಿಗೆ ರೈಲಿನಲ್ಲಿ ಹೊರಟೆ. ರಾಮನಗರದ ಬಂಡೆಗಳು ಎಳೆ ಬಿಸಿಲಿನಲ್ಲಿ ಸಾಲಾಗಿ ಕುಳಿತು ಯಾರೋ ಹೆಸರು ಕೂಗುವುದನ್ನೇ ಕಾಯುತ್ತಿರುವಂತೆ ಕಂಡವು. ಅವುಗಳಲ್ಲಿ ಯಾವುದಕ್ಕೆ ಸೀಟು ಕೊಡುತ್ತೀರಿ ಎಂದು ಅವರನ್ನು ಕೇಳುತ್ತಾ ಕುಳಿತವನು ಇಳಿಯಬೇಕಾದ ಸ್ಟೇಷನ್ನು ದಾಟಿಹೋಗಿ, ಮುಂದಿನದರಲ್ಲಿ ಇಳಿದು, ಆಟೋದಲ್ಲಿ ವಾಪಸು ಬಂದೆ.

ನಿಸರ್ಗ ಮಾತ್ರ ಏನೂ ಹೇಳುತ್ತಿರಲಿಲ್ಲ. ನಾನೂ ಶಶಿಯೂ ಅಡುಗೆಮನೆಯಲ್ಲಿ ಕಳಿಸೋಣ, ಬೇಡ ಎಂದು ಎಳೆದಾಡುತ್ತಿದ್ದರೆ ಹಜಾರದಲ್ಲಿ ಅವಳ ಪುಸ್ತಕದ ಪುಟ ತಿರುಗುವ ಸದ್ದು ನಿಂತುಬಿಡುತ್ತಿತ್ತು. ಅದನ್ನು ಆಗ ಗಮನಿಸಿರಲಿಲ್ಲ, ಈಗ ನೆನಪಾಗುತ್ತದೆ. ಅರ್ಜಿಯ ಕೊನೆಯ ದಿನ ಹತ್ತಿರವಾಗುತ್ತಿತ್ತು.

ಆಗ ಕುದೂರಿನಿಂದ ನನ್ನ ಅಕ್ಕ ಪುಟ್ಟತಾಯಮ್ಮ ಫೋನು ಮಾಡಿದಳು. ವಿಷಯವನ್ನೆಲ್ಲ ಕೇಳಿ, 'ಇದುಕ್ಕೆ ಇಷ್ಟೊಂದು ಒದ್ದಾಡ್ತಾ ಇದ್ದೀಯೇನ್ಲಾ? ಬಾನುವಾರ ಬಂದ್ಬುಡು, ಬಸಪ್ಪನ್ನ ಕೇಳ್ಬುಡಾನ' ಎಂದಳು. ಬಸಪ್ಪ ಎಂದರೆ ಅಕ್ಕನ ಪಕ್ಕದೂರಿನ ದೇವಸ್ಥಾನದ ಬಸವ. ನಮ್ಮ ಸೀಮೆಯಲ್ಲಿ ಇದೇನೂ ಹೊಸದಲ್ಲ. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಗಂಡು ಒಪ್ಪಬೇಕೋ ಬೇಡವೋ, ಅಣ್ಣತಮ್ಮಂದಿರ ಜಗಳದಲ್ಲಿ ಯಾರದು ನ್ಯಾಯ, ಎಲ್ಲವನ್ನೂ ಬಸಪ್ಪನ ಮುಂದೆ ಇಡುತ್ತಾರೆ. ಬಲಗೈಯನ್ನು ನೆಲದ ಮೇಲೆ ಚಾಚಿ, ಅಂಗೈ ಮೇಲೆ ವೀಳ್ಯದೆಲೆ ಇಟ್ಟುಕೊಂಡು, ಕೇಳಬೇಕಾದ್ದನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಅಪ್ಪಣೆಯಿದ್ದರೆ ಬಸಪ್ಪ ಬಂದು ಅಂಗೈ ಮೇಲೆ ಪಾದ ಇಡುತ್ತಾನೆ. ಇಲ್ಲದಿದ್ದರೆ ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಹೊರದೇಶದ ಪರೀಕ್ಷೆಯ ಸ್ಕೋರನ್ನು ಅವನ ಮುಂದೆ ಇಟ್ಟವರು ನಾವೇ ಮೊದಲಿಗರಿರಬೇಕು.

ಭಾನುವಾರ ಮೂವರೂ ಹೋದೆವು. ದೇವಸ್ಥಾನದ ಮುಂದೆ ಬೇವಿನ ಮರದ ನೆರಳಿನಲ್ಲಿ ಜನ ಸಾಲಾಗಿ ಕುಳಿತಿದ್ದರು. ಅಕ್ಕ ನಮ್ಮನ್ನೂ ಸಾಲಿನಲ್ಲಿ ಕೂರಿಸಿ, 'ಏನ್ ಕೇಳುದ್ರಿ ಅನ್ನೋದ ಮನೆ ಹೊಸ್ಲು ದಾಟೋಗಂಟ ಯಾರ ತಾವೂ ಬಾಯ್ ಬುಡ್ಬ್ಯಾಡಿ, ಪಲ ಸಿಕ್ಕಾಕಿಲ್ಲ' ಎಂದು ತಾಕೀತು ಮಾಡಿದಳು. ಗೆಜ್ಜೆಯ ಸದ್ದು ಕೇಳಿಸಿತು. ಮೈಮೇಲೆ ಹಸಿರು ರೇಷ್ಮೆ, ಕೊಂಬಿಗೆ ಹಿತ್ತಾಳೆಯ ಕಳಸ, ಯಾವ ಅವಸರವೂ ಇಲ್ಲದ ನಡಿಗೆ. ಅವನ ಕಣ್ಣು ನೋಡಿದಾಗ ನನಗೆ ನಿಜವಾಗಿಯೂ ಮನಸ್ಸು ತಣ್ಣಗಾಯಿತು. ಇಷ್ಟು ದಿನ ನಾನು ಕನಸಿನಲ್ಲಿ ಕಂಡ ಅಧಿಕಾರಿಯಲ್ಲಿ ಹುಡುಕುತ್ತಿದ್ದದ್ದು ಈ ಕಣ್ಣನ್ನೇ ಎನಿಸಿತು. ಹುಳಿತೇಗಿನ ಸುಳಿವೂ ಅದರಲ್ಲಿರಲಿಲ್ಲ. ಬಸಪ್ಪ ನನ್ನ ಮುಂದೆ ನಿಂತ, ಬಿಸಿಯುಸಿರು ಮೊಣಕೈಗೆ ತಾಗಿತು, ಮೆಲ್ಲಗೆ ಪಾದವನ್ನು ಅಂಗೈ ಮೇಲಿಟ್ಟು ಎತ್ತಿದ. ಪಕ್ಕದಲ್ಲಿ ಕಣ್ಣುಮುಚ್ಚಿ ಕುಳಿತಿದ್ದ ಶಶಿಯ ಕೈಮೇಲೂ ಪಾದ ಇಟ್ಟ. ಪೂಜಾರಪ್ಪ, 'ಗಂಡ ಹೆಂಡ್ತಿ ಇಬ್ರಿಗೂ ಅಪ್ಪಣೆ ಆಯ್ತು ಕಣಪ್ಪ, ಇನ್ನೇನ್ ಬೇಕು' ಎಂದ. ನಿಸರ್ಗ ಕೈಯನ್ನೇ ಚಾಚಿರಲಿಲ್ಲ. ಬಾಳೆಹಣ್ಣು ಸುಲಿದು ಹಿಡಿದಿದ್ದಳು, ಅವನು ಅದನ್ನು ತಿಂದು ಅವಳ ಮುಂಗೈಯನ್ನು ನೆಕ್ಕಿ ಮುಂದೆ ಹೋದ.

ವಾಪಸು ಬರುವಾಗ ದಾರಿಯುದ್ದಕ್ಕೂ ನಮ್ಮಿಬ್ಬರ ಸಂತೋಷ ಹೇಳತೀರದು. ಬಾಯಿ ಬಿಡುವಂತಿಲ್ಲ, ಆದ್ದರಿಂದ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು. ಮಾಗಡಿಯಲ್ಲಿ ಬಸ್ಸು ಬದಲಾಯಿಸುವಾಗ ನಾನು ಅವಳಿಗೆ ಮಲ್ಲಿಗೆ ಹೂವು ಕೊಡಿಸಿದೆ. ಅವಳು ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಳು, ಇದು ಮದುವೆಯಾದ ಮೇಲೆ ಮೊದಲ ಸಲ. ರಾಗಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಇಷ್ಟು ವರ್ಷಕ್ಕೆ ಇಬ್ಬರ ಮನಸ್ಸೂ ಒಂದಾಯಿತಲ್ಲ ಎಂದುಕೊಂಡು ನಾನು ಅವಳ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋದೆ.

ಮನೆಯ ಹೊಸಿಲು ದಾಟಿ, ಚಪ್ಪಲಿಯನ್ನೂ ಸರಿಯಾಗಿ ಬಿಡದೆ ನಾನು, 'ಹಾಗಾದ್ರೆ ನಾಳೆಯೇ ಆ ಮೂರನ್ನ ಕಳಿಸಿಬಿಡೋಣ' ಎಂದೆ. ಶಶಿ ಮುಡಿದಿದ್ದ ಹೂವಿನ ಮೇಲೆ ಕೈಯಿಟ್ಟುಕೊಂಡು ನಿಂತಳು. 'ಕಳ್ಸೋದಾ? ಬಸಪ್ಪ ಬ್ಯಾಡ ಅಂದನಲ್ಲ' ಎಂದಳು. 'ಪಾದ ಕೊಟ್ಟ ಕಣೆ' ಎಂದೆ. 'ನಂಗೂ ಕೊಟ್ಟ. ಆ ಮೂರನ್ನ ಮುಚ್ಚಿಟ್ಬುಡ್ಲಾ ತಂದೆ ಅಂತ ಕೇಳ್ದೆ, ಕೊಟ್ಟ' ಎಂದಳು. ನಾನು ಕೇಳಿದ್ದು ಕಳಿಸಲಾ ಎಂದು. ಇಬ್ಬರಿಗೂ ಅಪ್ಪಣೆಯಾಗಿತ್ತು. ಮಕ್ಕಳ ಮದುವೆಗೆ, ಮನೆಯ ಪಾಯಕ್ಕೆ ಬಸಪ್ಪನನ್ನು ಕೇಳಿ ಬಂದವರು ಸಾವಿರ ಜನರಿರಬಹುದು. ಏನು ಕೇಳಬೇಕೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಅಷ್ಟು ದೂರ ಹೋಗಿ ಬಂದವರು ನಾವೇ ಇರಬೇಕು. ಅಕ್ಕನಿಗೆ ಫೋನು ಮಾಡಿದೆ. ಅವಳು ಸ್ವಲ್ಪವೂ ತಬ್ಬಿಬ್ಬಾಗಲಿಲ್ಲ. 'ಬಸಪ್ಪ ತೆಪ್ಪು ಮಾಡಾಕಿಲ್ಲ ಕಣ್ಲಾ. ಗಂಡ ಹೆಂಡ್ತಿ ಕುಂತು ಮಾತಾಡ್ದೆ ನನ್ ತಾವುಕ್ ಬಂದವ್ರೆ ಅಂತ ಅವುನ್ಗೆ ಗೊತ್ತಾಗೋಗೈತೆ. ಓಗಿ ಮೊದ್ಲು ಮಾತಾಡ್ಕಳಿ ಅಂತ ಕಳ್ಸವ್ನೆ' ಎಂದು ಫೋನಿಟ್ಟಳು.

ಮಾತಾಡಿಕೊಳ್ಳಲು ಕುಳಿತೆವು. ಮೂರು ಚೆನ್ನಾಗಿ ಕಾಣುತ್ತದೆಯೋ, ಕೆಟ್ಟದಾಗಿ ಕಾಣುತ್ತದೆಯೋ, ಇಟ್ಟರೆ ಏನೆಂದುಕೊಳ್ಳುತ್ತಾರೆ, ಇಡದಿದ್ದರೆ ಏನೆಂದುಕೊಳ್ಳುತ್ತಾರೆ ಎಂದು ಮತ್ತೆ ಶುರುವಾಯಿತು. ಆಗ ನಿಸರ್ಗ ಹಜಾರದಿಂದ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಳು. 'ಅಪ್ಪ, ಒಂದು ಕೇಳ್ತೀನಿ. ನನ್ನ ಯಾವ ಸಾಲಲ್ಲಿ ಇಡೋದು ಅಂತ ನೋಡ್ತಾ ಇದ್ದೀರಾ ಇಬ್ರೂ? ಮುಂದಿನ ಸಾಲಲ್ಲೋ, ಹಿಂದಿನ ಸಾಲಲ್ಲೋ?' ಎಂದಳು. ದನಿ ಏರಿರಲಿಲ್ಲ.

'ಆ ಮೂರು ನಂದು' ಎಂದು ಅವಳೇ ಮಾತು ಮುಂದುವರಿಸಿದಳು. 'ಹೇಳ್ಕೊಡೋರು ಯಾರೂ ಇರ್ಲಿಲ್ಲ. ಕಾಲೇಜಿಗೆ ರಾಮನಗರಕ್ಕೆ ಹೋಗ್ತಾ ಬರ್ತಾ ರೈಲಲ್ಲಿ ನಿಂತ್ಕೊಂಡು ಓದಿದ್ದು. ಪರೀಕ್ಷೇಲಿ ಒಂದು ಪ್ರಶ್ನೆ ಬಂದಿತ್ತಪ್ಪ, ತಿರುಗೋ ವಸ್ತು ಓರೆಯಾದ್ರೂ ಯಾಕೆ ಬೀಳಲ್ಲ ಅಂತ. ನಮ್ ಬುಗುರಿ. ನಾನು ಹುಟ್ಟಿದಾಗಿಂದ ಅಂಗಡೀಲಿ ಬುಗುರಿ ನೋಡಿದ್ದೀನಿ. ಅದು ಮೊದಲು ನೆಟ್ಟಗೆ ನಿಲ್ಲುತ್ತೆ, ಆಮೇಲೆ ತಲೆ ತೂಗುತ್ತೆ, ಆಮೇಲೆ ಸುತ್ತು ದೊಡ್ಡದಾಗುತ್ತೆ, ಎಲ್ಲ ಬರೆದೆ. ಯಾಕೆ ಅಂತ ಲೆಕ್ಕ ಮಾಡಿ ತೋರಿಸೋಕೆ ಬರಲಿಲ್ಲ. ಅಲ್ಲೇ ಹೋಯ್ತು ನನ್ನ ಮಾರ್ಕ್ಸು. ಆದ್ರೂ ಆ ದಿನ ಅಲ್ಲಿಂದ ಬರ್ತಾ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ನನಗೆ ಅದು ಯಾಕೆ ಅಂತ ತಿಳ್ಕೋಬೇಕು, ಅದಕ್ಕೇ ಆ ಕಾಲೇಜು. ನೀವು ಅದನ್ನ ರೋಗದ ಥರ ಪಿಸುಪಿಸು ಅಂತ ಮಾತಾಡ್ತಾ ಇದ್ದೀರ.'

ನನಗೆ ನಾಚಿಕೆಯಾಯಿತು. ಅದರ ಹಿಂದೆಯೇ ಹೆಮ್ಮೆಯಾಯಿತು. ಎಷ್ಟು ವರ್ಷದಿಂದ ಬುಗುರಿ ಮಾರುತ್ತಿದ್ದೇನೆ, ಅದು ಯಾಕೆ ಬೀಳುವುದಿಲ್ಲ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಎಷ್ಟಕ್ಕೆ ಹೋಗುತ್ತದೆ ಎಂದು ಮಾತ್ರ ಹೊಳೆದಿತ್ತು. ಶಶಿ ಕಣ್ಣೊರೆಸಿಕೊಂಡು, 'ಮೊದ್ಲೇ ಹೇಳಕ್ಕೇನಾಗಿತ್ತು ನಿಂಗೆ?' ಎಂದು ಮಗಳನ್ನೇ ಗದರಿದಳು. 'ನೀವು ಬಸಪ್ಪನ್ನ ಕೇಳಿದ್ರಿ, ಚಿಕ್ಕಣ್ಣ ಮಾವನ್ನ ಕೇಳಿದ್ರಿ. ನನ್ನ ಯಾರು ಕೇಳಿದ್ರಮ್ಮ?' ಎಂದಳು. ಅಂದು ಸಂಜೆಯೇ ಮೂರನ್ನು ಅರ್ಜಿಯ ಜೊತೆ ಕಳಿಸಿದಳು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಒಂದು ಸಲ ಒತ್ತಿದಳು, ಹೋಯಿತು. ಇಷ್ಟು ದಿನದ ಒದ್ದಾಟ ಅಷ್ಟು ಸಣ್ಣ ಸದ್ದಿನಲ್ಲಿ ಮುಗಿದದ್ದು ನನಗೇನೋ ಕೊರತೆಯೆನಿಸಿತು.

ಉತ್ತರ ಬರುವವರೆಗಿನ ದಿನಗಳಲ್ಲಿ ನನ್ನ ಅಧಿಕಾರಿಗಳಿಗೆ ಬಿಡುವೇ ಇರಲಿಲ್ಲ. ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಬಂದು ಕುಳಿತಿರುತ್ತಿದ್ದರು. ನಾನು ಅವರ ಮೇಜಿನ ಮೇಲೆ ಒಂದು ಕೆಂಪು ಬುಗುರಿ ಇಟ್ಟೆ. ಅವರು ಅದನ್ನು ತಿರುಗಿಸುತ್ತಿದ್ದರು, ಅದು ತಲೆ ತೂಗುತ್ತಾ ಮೂರರ ಮೇಲೆ, ಮಗಳ ಹೆಸರಿನ ಮೇಲೆ, ಚನ್ನಪಟ್ಟಣದ ಮೇಲೆ ಸುತ್ತುತ್ತಿತ್ತು. ಅವರು ಕನ್ನಡಕ ತೆಗೆದು ನೋಡುತ್ತಾ ಕುಳಿತಿರುತ್ತಿದ್ದರು, ಬುಗುರಿ ಬೀಳುತ್ತಲೇ ಇರಲಿಲ್ಲ. ಹೊಂಗೆಯ ಹೂವು ಉದುರಿ ಕಿಟಕಿಯ ಪಟ್ಟಿಯೆಲ್ಲ ಬೆಳ್ಳಗಾಗಿತ್ತು.

ಸೀಟು ಸಿಕ್ಕಿತು. ಸೇರಿಸಲು ಹೋದ ದಿನ ನಾನು ಎಲ್ಲಕ್ಕಿಂತ ಮೊದಲು ಕಿಟಕಿಗಳನ್ನು ನೋಡಿದೆ, ಹೊಂಗೆಮರ ಇರಲಿಲ್ಲ, ಕುಂಡದಲ್ಲಿ ಪ್ಲಾಸ್ಟಿಕ್ ಗಿಡವಿತ್ತು. ಅರ್ಜಿ ನೋಡಿದ ಅಧಿಕಾರಿ ಎಂದು ತೋರಿಸಿದ ಕಡೆ, ನನ್ನ ಮಗಳಿಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವಳಿರಬಹುದಾದ ಹುಡುಗಿಯೊಬ್ಬಳು ಚಿತ್ರಾನ್ನ ತಿನ್ನುತ್ತಿದ್ದಳು. ನಾನು ತಡೆಯಲಾರದೆ, 'ಮೇಡಂ, ಆ ಅಡ್ವಾನ್ಸ್ಡ್ ಸ್ಕೋರು, ಮೂರು, ಅದರಿಂದ ಏನಾದ್ರೂ ತೊಂದ್ರೆ, ಅಥ್ವಾ ಅನುಕೂಲ' ಎಂದು ತೊದಲಿದೆ. ಅವಳು ಕೈತೊಳೆದುಕೊಂಡು ಬಂದು ಕಂಪ್ಯೂಟರು ನೋಡಿ, 'ಸರ್, ಅದನ್ನ ಸೀಟ್ ಕೊಡೋಕೆ ನಾವು ನೋಡೋದೇ ಇಲ್ಲ. ಸೇರಿದ ಮೇಲೆ ನೋಡ್ತೀವಿ. ನಾಲ್ಕೋ ಐದೋ ಇದ್ರೆ ಮೊದಲನೇ ವರ್ಷದ ಒಂದು ಪಾಠ ಮಾಫಿ. ಮೂರು ಬಂದವರು ಆ ಕ್ಲಾಸಲ್ಲಿ ಕೂರಲೇಬೇಕು' ಎಂದಳು. ಪಾಠ ಯಾವುದು ಎಂದು ನಿಸರ್ಗ ಕೇಳಿದಳು. ತಿರುಗುವ ವಸ್ತುಗಳು, ಅವುಗಳ ಚಲನೆ, ಇತ್ಯಾದಿ. ಮಗಳ ಮುಖ ನೋಡಿದೆ. ಸೀಟು ಸಿಕ್ಕಿದ ದಿನವೂ ಅವಳು ಹಾಗೆ ನಕ್ಕಿರಲಿಲ್ಲ. ನಾಲ್ಕು ಬರಲಿಲ್ಲವಲ್ಲ ಎಂದು ನಾನು ಎಷ್ಟು ಬಸ್ಸು, ಎಷ್ಟು ರೈಲಿನಲ್ಲಿ ಕೊರಗಿದ್ದೆ. ಬಂದಿದ್ದರೆ ಅವಳು ಬಯಸಿ ಬಂದ ಪಾಠವೇ ತಪ್ಪಿಹೋಗುತ್ತಿತ್ತು.

ಅಂಗಡಿಗೆ ವಾಪಸು ಬಂದೆ. ನನ್ನ ಅಧಿಕಾರಿಗಳಿಗೆ ಈಗ ಕೆಲಸವಿಲ್ಲ. ಒಂದೆರಡು ಮಧ್ಯಾಹ್ನ ಬಂದು ಸುಮ್ಮನೆ ಕುಳಿತು ಹೋದರು, ಆಮೇಲೆ ಬರುವುದನ್ನು ಬಿಟ್ಟರು. ಹೇಳಿದರೆ ನಗುತ್ತೀರಿ, ನನಗೆ ಅವರಿಲ್ಲದೆ ಬೇಸರವಾಗುತ್ತದೆ. ಮಗಳ ಮಾತು ಮನಸ್ಸಿನಲ್ಲಿ ಕುಳಿತಿತ್ತಲ್ಲ, ಅಂಗಡಿಯಲ್ಲಿ ಒಂದು ಸುಧಾರಣೆ ಮಾಡಿದೆ. ಒಂದು ಕಣ್ಣು ಕೆಳಗಿರುವ ಕುದುರೆಯನ್ನು ಹಿಂದಿನ ಸಾಲಿನಿಂದ ತಂದು ಮುಂದಿನ ಸಾಲಿನ ನಟ್ಟನಡುವೆ ಇಟ್ಟೆ. ಯಾರಾದರೂ ಕೇಳಿದರೆ, ಇದರ ಕಣ್ಣು ಹೀಗೇ, ಇಷ್ಟವಾದರೆ ತೆಗೆದುಕೊಳ್ಳಿ ಎಂದು ಹೇಳುವುದೆಂದು ತೀರ್ಮಾನಿಸಿದೆ. ಹೇಳುವ ರೀತಿಯನ್ನೂ ಗೋಡೆಯ ಮುಂದೆ ಅಭ್ಯಾಸ ಮಾಡಿದೆ.

ಹೋದ ವಾರ ಒಬ್ಬ ಹೆಂಗಸು ಮೊಮ್ಮಗಳಿಗೆ ಬೊಂಬೆ ಬೇಕೆಂದು ಬಂದರು. ನೇರವಾಗಿ ಆ ಕುದುರೆಯನ್ನೇ ಎತ್ತಿಕೊಂಡರು. ತಿರುಗಿಸಿ ನೋಡಿ, 'ಇದರ ಕಣ್ಣು ಒಸಿ ಹೆಂಗೋ ಐತಲ್ಲ. ಒಳಗಿಂದ ಬೇರೆ ಕೊಡಿ' ಎಂದರು. ನಾನು ಬಾಯಿ ತೆರೆದೆ. ಅಭ್ಯಾಸ ಮಾಡಿದ್ದ ಮಾತು ನಾಲಿಗೆಯ ತುದಿಯವರೆಗೂ ಬಂತು. ಮತ್ತೆ ನೋಡಿದರೆ ನಾನು ಕುದುರೆ ಹಿಡಿದುಕೊಂಡು ಒಳಗಿನ ಕೋಣೆಯಲ್ಲಿ ಕ್ಯಾಲೆಂಡರಿನ ಮುಂದೆ ನಿಂತಿದ್ದೆ. ಡಬ್ಬದ ಸದ್ದನ್ನೂ ಮಾಡಿದ್ದೆ. ಹೊರಗೆ ಬಂದು ಕೊಟ್ಟೆ. 'ಇದು ನೋಡಿ, ಎಷ್ಟು ಲಕ್ಷಣವಾಗೈತೆ' ಎಂದರು. ಅವರು ಕಾಸು ಎಣಿಸುವ ಹೊತ್ತಿಗೆ ನನಗೆ ಸ್ವಲ್ಪ ಧೈರ್ಯ ಬಂದು, 'ಅಮ್ಮಾ, ಇದು ಅದೇ ಕುದುರೆ' ಎಂದು ಹೇಳಿಯೇಬಿಟ್ಟೆ. ಅವರು ನಂಬಲಿಲ್ಲ. 'ತಮಾಷೆ ಮಾಡ್ಬ್ಯಾಡಿ' ಎಂದು ನಗುತ್ತಾ ಚೀಲಕ್ಕೆ ಹಾಕಿಕೊಂಡು ಹೋದರು.

ಸಂಜೆ ಹಾಸ್ಟೆಲಿಗೆ ಫೋನು ಮಾಡಿ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ನಕ್ಕು ನಕ್ಕು ಸುಸ್ತಾಗಿ, 'ಒಳಗೆ ಹೋಗಿದ್ದಕ್ಕೆ ಎರಡು ಕಳೆದಿದ್ದೀನಿ. ಹೊರಗೆ ಬಂದು ಹೇಳಿದ್ಯಲ್ಲ, ಉಳಿದದ್ದು ಕೊಟ್ಟಿದ್ದೀನಿ. ನಿನಗೂ ಐದಕ್ಕೆ ಮೂರಪ್ಪ' ಎಂದಳು. ಫೋನಿಟ್ಟ ಮೇಲೆ ಬಹಳ ಹೊತ್ತು ಖುಷಿಯಾಗಿದ್ದೆ. ಆಮೇಲೆ ಇದನ್ನು ನಾಲ್ಕು ಜನಕ್ಕೆ ಹೇಳಬೇಕೋ, ಮುಚ್ಚಿಟ್ಟುಕೊಳ್ಳಬೇಕೋ ಎಂಬ ಯೋಚನೆ ಹತ್ತಿತು. ಶಶಿ ಎಂದಿನಂತೆ, ಕೇಳದೆ ಇರುವುದನ್ನು ಯಾಕೆ ಹೇಳಬೇಕು ಎಂದಳು. ಚಿಕ್ಕಣ್ಣನನ್ನು ಈ ಸಲ ಕೇಳಲಿಲ್ಲ, ಬಸಪ್ಪನ ಹತ್ತಿರ ಹೋಗಲು ಮುಖವಿಲ್ಲ. ವಾರವೆಲ್ಲ ಒದ್ದಾಡಿ, ಇಗೋ, ಇಚ್ಛೆಯಿಂದಲೇ ನಿಮ್ಮ ಮುಂದೆ ಇಟ್ಟಿದ್ದೇನೆ. ನೋಡುವ ಮೊದಲು ದಯವಿಟ್ಟು ಪೂರಿ ತಿನ್ನಬೇಡಿ.